ಗಾಳಿ ಬೀಸದ ಕಡಲು

ಮನಸ್ಸು ಕುಗ್ಗಿ ಯಾವುದರಲ್ಲೂ ಉತ್ಸಾಹವಿಲ್ಲದೆ ಇರುವುದಕ್ಕೆ ಇಂಗ್ಲಿಷಿನವರು ‘ಡೋಲ್ಡ್ರಮ್ಸ್’ ಎನ್ನುತ್ತಾರೆ. ಸಮಭಾಜಕ ವೃತ್ತದ ಆಸುಪಾಸಿನ ಕಡಲಿಗೂ ಅದೇ ಹೆಸರು. ಉತ್ತರದಿಂದಲೂ ದಕ್ಷಿಣದಿಂದಲೂ ಬರುವ ವಾಣಿಜ್ಯ ಮಾರುತಗಳು ಅಲ್ಲಿ ಸೇರಿ ಮೇಲಕ್ಕೇರುವುದರಿಂದ ನೀರಿನ ಮೇಲೆ ಗಾಳಿ ಸತ್ತಂತಿರುತ್ತದೆ. ಹಾಯಿಹಡಗುಗಳು ಅಲ್ಲಿ ವಾರಗಟ್ಟಲೆ ನಿಂತುಬಿಡುತ್ತಿದ್ದವು. ಕಡಲಿನ ಹೆಸರೇ ಮನಸ್ಸಿಗೆ ಬಂದಿರಬೇಕು ಎಂದು ನಾನು ಬಹುಕಾಲ ನಂಬಿದ್ದೆ.

ನಿಘಂಟು ನೋಡಿದರೆ ಕಥೆ ತಿರುಗುಮುರುಗು. ಪದದ ಬೇರು ‘ಡಲ್’ ಇರಬಹುದೆಂದು ಬಲ್ಲವರ ಊಹೆ. 19ನೇ ಶತಮಾನದ ಆರಂಭದಲ್ಲಿ ಜಡ ಮನುಷ್ಯನಿಗೂ ಮನಸ್ಸಿನ ಜಡಸ್ಥಿತಿಗೂ ಅದೇ ಪದ. ಗಾಳಿಯಿಲ್ಲದೆ ನಿಂತ ಹಡಗಿನ ಪ್ರಸಿದ್ಧ ಚಿತ್ರವಿರುವ ಕೋಲರಿಜ್‌ನ 1798ರ ನಾವಿಕನ ಕವಿತೆಯಲ್ಲಿ ಈ ಪದವೇ ಇಲ್ಲ. 1823ರಲ್ಲಿ ಬೈರನ್ ‘ದಿ ಐಲ್ಯಾಂಡ್’ ಕಾವ್ಯದಲ್ಲಿ ಇದನ್ನು ಹಡಗಿಗೆ ಬಳಸಿದ. ಹಡಗಿಗೆ ಮಂಕು ಬಡಿದಿದೆ ಎಂದದ್ದನ್ನು, ಹಡಗು ಆ ಹೆಸರಿನ ಜಾಗದಲ್ಲಿದೆ ಎಂದು ಜನ ತಿಳಿದುಕೊಂಡರು. 1855ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ ಬರೆದ ಸಮುದ್ರ ಭೂಗೋಳದ ಪುಸ್ತಕದ ಹೊತ್ತಿಗೆ ಅದು ಕಡಲಿನ ಪಟ್ಟಿಯೊಂದರ ಹೆಸರಾಗಿತ್ತು.

ಒಬ್ಬ ಮನುಷ್ಯನನ್ನು ಹಳಿಯುತ್ತಿದ್ದ ಪದ ಹೀಗೆ ಹವಾಮಾನದ ಪದವಾಯಿತು.

ಇದು ನನ್ನನ್ನು ಕಾಡುವುದಕ್ಕೆ ಕಾರಣ ನನ್ನ ತಮ್ಮ. ಕೆಲಸ ಹೋದ ಮೇಲೆ ಅವನು ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ‘ಏಳೋ ಮಂಕುದಿಣ್ಣೆ’ ಎಂದು ನಾನು ದಿನಾ ಬೈಯುತ್ತಿದ್ದೆ. ಅಮ್ಮ ಮಾತ್ರ, ‘ಸುಮ್ನಿರು, ಅವನಿಗೆ ಮಂಕು ಕವಿದಿದೆ’ ಎನ್ನುತ್ತಿದ್ದಳು. ಪದ ಒಂದೇ. ನನ್ನ ಬಾಯಲ್ಲಿ ಅದು ಅವನ ಗುಣ, ಅಮ್ಮನ ಬಾಯಲ್ಲಿ ಮೋಡದ ಹಾಗೆ ಮೇಲಿನಿಂದ ಬಂದು ಕವಿದದ್ದು.

ನಿಂತ ಹಡಗಿನಲ್ಲಿ ನಾವಿಕರು ಸೋಮಾರಿಗಳಾಗಿರಲಿಲ್ಲ. ಸಣ್ಣ ದೋಣಿಗಳನ್ನು ನೀರಿಗಿಳಿಸಿ, ಹಗ್ಗ ಕಟ್ಟಿ, ಹುಟ್ಟು ಹಾಕಿ ಹಡಗನ್ನು ಎಳೆಯುವುದೂ ಇತ್ತು. ದಡದಲ್ಲಿ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ತಮ್ಮ ಆ ದಿನಗಳಲ್ಲೂ ಬೆಳಿಗ್ಗೆ ಎದ್ದು ಅಮ್ಮನಿಗೆ ಎರಡು ಕೊಡ ನೀರು ತಂದಿಟ್ಟು ಮತ್ತೆ ಮಲಗುತ್ತಿದ್ದನಂತೆ. ನನಗದು ಗೊತ್ತಾದದ್ದು ಅವನು ಚೇತರಿಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ.