ಒಂದು ಮನೆ ಮುರಿದ ಕತೆ: ಭೈರಪ್ಪನವರ ಬಾಲ್ಯ ಮತ್ತು ‘ಗೃಹಭಂಗ’

ಕಷ್ಟಪಟ್ಟು ಮೇಲೆ ಬಂದವರ ಬಗ್ಗೆ ನಾವು ಒಂದು ಮಾತು ಹೇಳುತ್ತೇವೆ: ಬಡತನವೇ ಅವರಿಗೆ ಎಲ್ಲ ಕಲಿಸಿತು. 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರ ಬಗ್ಗೆಯೂ ಇದೇ ಮಾತು ಬರುತ್ತದೆ. ಅವರ ಬಾಲ್ಯವನ್ನು ಹತ್ತಿರದಿಂದ ನೋಡಿದರೆ ಇದು ಅರ್ಧ ಮಾತ್ರ ನಿಜ.

ಅವರು ಹುಟ್ಟಿದ್ದು 1931ರಲ್ಲಿ, ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ನಮ್ಮ ಕೋಲಾರದ ಹಾಗೆ ಕೆರೆಯನ್ನೂ ಮಳೆಯನ್ನೂ ನಂಬಿದ ಬಯಲುಸೀಮೆ. ಮನೆಯಲ್ಲಿ ಬಡತನ, ಊರಿನಲ್ಲಿ ಪ್ಲೇಗು. 1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು. ಆಮೇಲೂ ಹತ್ತಾರು ವರ್ಷ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಬಿಡಲಿಲ್ಲ. ಇಲಿ ಬಿದ್ದರೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನ ಸುತ್ತಮುತ್ತ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ಆ ಭಯದಲ್ಲೇ. ಭೈರಪ್ಪ ಚಿಕ್ಕವರಿದ್ದಾಗಲೇ ತಾಯಿ ಗೌರಮ್ಮನನ್ನೂ ಒಡಹುಟ್ಟಿದವರನ್ನೂ ಈ ಪ್ಲೇಗಿಗೆ ಕಳೆದುಕೊಂಡರು.

ಆಮೇಲೆ ಹುಡುಗ ವಾರಾನ್ನದಲ್ಲಿ ಓದಿದ. ವಾರಾನ್ನ ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆಯಲ್ಲಿ ಊಟ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಓದಿನ ಖರ್ಚಿಗೆ ಸಿಕ್ಕ ಕೆಲಸ ಮಾಡಿದರು. ನಡುವೆ ಓದು ಬಿಟ್ಟು ಊರೂರು ಅಲೆದರು, ಬೊಂಬಾಯಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ಕೂಲಿಯಾಗಿ ಮೂಟೆ ಹೊತ್ತರು, ಸಾಧುಗಳ ಜೊತೆ ತಿರುಗಿದರು. ಕೊನೆಗೆ ಮೈಸೂರಿಗೆ ಬಂದು ಮತ್ತೆ ಓದಿಗೆ ಕೂತರು. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. ಆರಿಸಿಕೊಂಡ ವಿಷಯ ತತ್ವಶಾಸ್ತ್ರ. ಸಾವು ಅಂದರೆ ಏನು ಅನ್ನುವ ಪ್ರಶ್ನೆ ಚಿಕ್ಕಂದಿನಿಂದ ಕಾಡುತ್ತಿದ್ದದ್ದೇ ಅದಕ್ಕೆ ಕಾರಣ.

ಈ ಬದುಕು ಕತೆಯಾಗಿದ್ದು 1970ರ ‘ಗೃಹಭಂಗ’ದಲ್ಲಿ. ಇದು ಒಬ್ಬ ಶಾನುಭೋಗನ ಮನೆಯ ಕತೆ. ಗಂಡ ಚೆನ್ನಿಗರಾಯನಿಗೆ ಊಟದ ಚಿಂತೆ ಬಿಟ್ಟರೆ ಬೇರೆ ಚಿಂತೆಯಿಲ್ಲ. ಅತ್ತೆ ಗಂಗಮ್ಮನ ಬಾಯಿ ಕೆಟ್ಟದ್ದು. ಹೆಂಡತಿ ನಂಜಮ್ಮ ಶಾನುಭೋಗಿಕೆ ಲೆಕ್ಕ ಬರೆಯುವುದನ್ನು ಕಲಿತು, ಗಂಡನ ಹೆಸರಿನಲ್ಲಿ ತಾನೇ ಬರೆದು ಮಕ್ಕಳನ್ನು ಸಾಕುತ್ತಾಳೆ. ಕೆಲಸ ಅವಳದು, ಹೆಸರು ಗಂಡನದು. ಈ ನಂಜಮ್ಮನ ಹಿಂದೆ ಇರುವವರು ಗೌರಮ್ಮನೇ.

ಹಸಿವು ಕಂಡವರು ಬಡವರನ್ನೆಲ್ಲ ಒಳ್ಳೆಯವರೆಂದು ಬರೆಯಬಹುದಿತ್ತು. ಭೈರಪ್ಪ ಹಾಗೆ ಬರೆಯಲಿಲ್ಲ. ಮಕ್ಕಳ ಪಾಲನ್ನೂ ತಾನೇ ತಿನ್ನುವ ಅಪ್ಪನನ್ನು ಇದ್ದ ಹಾಗೇ ತೋರಿಸಿದರು. ಬಡತನ ಅವರ ಬರಹಕ್ಕೆ ಕೊಟ್ಟದ್ದು ಈ ಕಣ್ಣು. 1979ರ ‘ಪರ್ವ’ದಲ್ಲಿ ಮಹಾಭಾರತ ಬರೆಯುವಾಗಲೂ ಇದೇ ಕಣ್ಣು ಕೆಲಸ ಮಾಡಿದೆ. ಅಲ್ಲಿ ದೇವರ ಪವಾಡವಿಲ್ಲ. ಅಷ್ಟು ದೊಡ್ಡ ಸೈನ್ಯಕ್ಕೆ ಊಟ ಎಲ್ಲಿಂದ, ಹೆಣ ಕೊಳೆತ ವಾಸನೆಯಲ್ಲಿ ಜನ ಇದ್ದದ್ದು ಹೇಗೆ ಅನ್ನುವ ಪ್ರಶ್ನೆಗಳಿವೆ.

ಆದರೆ ಅದೇ ಮನೆ, ಅದೇ ಬಡತನ ಅವರ ಒಡಹುಟ್ಟಿದವರಿಗೂ ಇತ್ತು. ಅವರಿಗೆ ಬಡತನ ಏನನ್ನೂ ಕಲಿಸಲಿಲ್ಲ, ಬದುಕಲೂ ಬಿಡಲಿಲ್ಲ. ಉಳಿದವನನ್ನು ಬೆಳೆಸಿದ್ದು ಅಕ್ಷರದ ಬೆಲೆ ಗೊತ್ತಿದ್ದ ತಾಯಿ ಮತ್ತು ಯಾರ್‍ಯಾರೋ ಬಡಿಸಿದ ಅನ್ನ. ಕಾದಂಬರಿಯಲ್ಲೂ ಕೊನೆಗೆ ಉಳಿದ ಮಗ ವಿಶ್ವನ ಕೈ ಹಿಡಿಯುವುದು ಹೆತ್ತ ಅಪ್ಪನಲ್ಲ, ಭಿಕ್ಷೆಯಲ್ಲಿ ಬದುಕುವ ಮಹಾದೇವಯ್ಯನವರು.

ಇನ್ನೊಂದು ಮಾತನ್ನೂ ಹೇಳಬೇಕು. ವಾರಾನ್ನ ಸಿಗುತ್ತಿದ್ದದ್ದು ಜಾತಿ ನೋಡಿ. ಅಷ್ಟೇ ಹಸಿದ ಹೊಲಗೇರಿಯ ಹುಡುಗನಿಗೆ ಆ ಏಳು ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ. ಅಂಥ ಮಕ್ಕಳಿಗೆ ದಾರಿಯಾಗಿದ್ದು ಹಾಸ್ಟೆಲ್. ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿದ್ದು ಓದಿದರು. ಆ ದಿನಗಳನ್ನು ‘ಊರುಕೇರಿ’ಯಲ್ಲಿ ಬರೆದರು. ಇಬ್ಬರಿಗೂ ಹಸಿವು ಗೊತ್ತಿತ್ತು. ಇಬ್ಬರನ್ನೂ ಓದಿಸಿದ್ದು ತಟ್ಟೆಗೆ ಬಂದ ಅನ್ನ.

ಅದಕ್ಕೇ ಹಾಸ್ಟೆಲ್ಲಿನಲ್ಲಿ ಊಟ ಸರಿಯಿಲ್ಲ ಎಂದು ಮಕ್ಕಳು ಹೇಳಿದಾಗ, ‘ಕಷ್ಟಪಟ್ಟರೇ ಬುದ್ಧಿ ಬರೋದು’ ಎಂದು ಸುಮ್ಮನಾಗಿಸುವುದು ತಪ್ಪು. ವಕ್ಕಲೇರಿಯಿಂದ ಕೋಲಾರಕ್ಕೆ ಬಸ್ಸು ಹತ್ತಿ ಓದಲು ಹೋಗುವ ಹುಡುಗಿ ಬೆಳಿಗ್ಗೆ ತಿಂದು ಹೊರಟಳೇ ಎಂದು ಕೇಳುವುದು ಹೆಚ್ಚು ಉಪಯೋಗದ ಮಾತು.

‘ಗೃಹಭಂಗ’ ಓದಿಲ್ಲದಿದ್ದರೆ ಹತ್ತಿರದ ಗ್ರಂಥಾಲಯದಲ್ಲಿ ಕೇಳಿ ನೋಡಿ. ಮನೆಯಲ್ಲಿ ಅಜ್ಜಿಯಿದ್ದರೆ ಪ್ಲೇಗಿನ ಭಾಗವನ್ನು ಓದಿ ಹೇಳಿ. ಅವರು ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳಿದರೆ ಬರೆದಿಟ್ಟುಕೊಳ್ಳಿ.