ಕುಪವಾಡದಿಂದ ಆಚೆಗೆ: ಮಿರಜ ಪೂರ್ವಭಾಗದಲ್ಲಿ ಮನೆಮಾತು ಮತ್ತು ಬೀಗತನ

ಮಿರಜ ಸೀಮೆಯಲ್ಲಿ ಕನ್ನಡ ಹಳೆಯದೆಂಬುದನ್ನು ಶಿಲಾಹಾರರ ಕಾಲದ ಶಾಸನಗಳೂ ಶಂ.ಬಾ. ಜೋಶಿಯವರ ಬರಹಗಳೂ ತೋರಿಸಿಕೊಟ್ಟಿವೆ. ಶಾಲೆ, ಕಚೇರಿ ಮರಾಠಿಯಾಗಿರುವಾಗ ಅದು ಮನೆಯೊಳಗೆ ಉಳಿದದ್ದು ಹೇಗೆಂಬ ಪ್ರಶ್ನೆ ಮಾತ್ರ ಬಗೆಹರಿದಿಲ್ಲ.

ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಕುಪವಾಡ ಆಗ ಸುಮಾರು 3,000 ಜನರ ಹಳ್ಳಿ. ಜೈನ, ಲಿಂಗಾಯತರದು ಕನ್ನಡ, ಮುಸ್ಲಿಮರದು ಉರ್ದು, ಹಗ್ಗ ಹೊಸೆಯುವವರದು ತೆಲುಗು, ಭೂಹೀನರದು ಮರಾಠಿ. ಈ ಭಾಷೆಗಳ ವ್ಯಾಕರಣ ಒಂದೇ ಅಚ್ಚಿಗೆ ಬಂದು, ಪದಗಳಷ್ಟೇ ಬೇರೆಯಾಗಿ ಉಳಿದಿವೆ ಎಂದರು. ಉರ್ದುವಿನ ಲಿಂಗವ್ಯವಸ್ಥೆಯೂ ಕನ್ನಡದ ಹಾದಿ ಹಿಡಿದಿತ್ತಂತೆ. ಸೋನಲ್ ಕುಲಕರ್ಣಿ-ಜೋಶಿ 2016ರಲ್ಲಿ ಈ ಸಮರೂಪತೆಯನ್ನೇ ಮರುಪರಿಶೀಲಿಸಿದರು. ನನ್ನ ತಕರಾರು ಮನೆಮಾತು ಉಳಿದುದಕ್ಕೆ ಮೊದಲ ಲೇಖಕರಿಬ್ಬರು ಕೊಟ್ಟ ಕಾರಣದ ಬಗ್ಗೆ.

ಅವರ ಪ್ರಕಾರ ಮನೆ ಮತ್ತು ಹೊರಗಿನ ಬದುಕಿನ ನಡುವಿನ ಕಟ್ಟುನಿಟ್ಟಾದ ಅಂತರವೇ ಮನೆಮಾತುಗಳನ್ನು ಕಾಯ್ದಿತು. ಈ ವಿವರಣೆ ಊರನ್ನು ಅದರ ಗಡಿಗಲ್ಲಿನೊಳಗೇ ಮುಗಿಸಿಬಿಡುತ್ತದೆ. ಹಳ್ಳಿಯನ್ನು ಸ್ವಯಂಪೂರ್ಣ ಗಣರಾಜ್ಯವೆಂದ ಮೆಟ್‌ಕಾಫ್‌ನ 1830ರ ಮಾತನ್ನು ಒಪ್ಪದ ಎಂ.ಎನ್. ಶ್ರೀನಿವಾಸ್ ಎತ್ತಿದ ಆಕ್ಷೇಪ ಇಲ್ಲಿಗೂ ಸಲ್ಲುತ್ತದೆ. ಅಂತರವು ಹೊರಗಿನ ಮಾತನ್ನು ತಡೆದೀತು. ಒಳಗಿನ ಮಾತಿಗೆ ಹೊಸ ಮಾತುಗಾರರನ್ನು ತಂದುಕೊಡಲಾರದು. ಅವರನ್ನು ತಂದದ್ದು, ನನ್ನ ಮಟ್ಟಿಗೆ, ಬೀಗತನ. ಅಥಣಿ, ರಾಯಬಾಗ, ಚಿಕ್ಕೋಡಿಯ ಕಡೆಯಿಂದ ಬಂದ ಸೊಸೆ ಕನ್ನಡವನ್ನು ಅಡುಗೆಮನೆಗೆ ಮತ್ತೆ ಹೊಸದಾಗಿ ತರುತ್ತಾಳೆ. ಮಗು ಮೊದಲು ಕೇಳುವುದು ಅವಳನ್ನು.

ಇದನ್ನು ಎಚ್ಚರದಿಂದಲೇ ಹೇಳಬೇಕು. ಎಲ್ಲ ಸೊಸೆಯರೂ ದಕ್ಷಿಣದವರಲ್ಲ. ಗಡಿಯ ಆಚೆಯಿಂದ ಬಂದವರಲ್ಲೂ ಮರಾಠಿ ಬಲ್ಲವರಿದ್ದಾರೆ. ಜೈನರ ಮತ್ತು ಲಿಂಗಾಯತರ ಸಂಬಂಧಗಳ ಹರಹು ಒಂದೇ ಎನ್ನಲೂ ಆಗದು. ಬೀಗತನವೊಂದೇ ಕಾರಣವೆಂಬುದು ನನ್ನ ವಾದವಲ್ಲ. ಅದಿಲ್ಲದೆ ಮನೆಯ ಗೋಡೆ ಸಾಲದು ಎಂಬುದಷ್ಟೇ ವಾದ.

ಇದನ್ನು ಒರೆಗೆ ಹಚ್ಚಲು ಕುಪವಾಡ ಇನ್ನು ತಕ್ಕ ಜಾಗವಲ್ಲ. ಅಲ್ಲಿ ಕೈಗಾರಿಕಾ ವಸಾಹತು ಬಂತು. 1998ರಲ್ಲಿ ಅದು ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಭಾಗವಾಯಿತು. ಹೊರವಲಯವನ್ನು ದಾಟಿ ಪೂರ್ವಕ್ಕೆ, ಬೇಸಾಯವೇ ಬದುಕಾಗಿರುವ ಖಂಡೇರಾಜುರಿ, ಆರಗ, ಬೇಡಗದಂಥ ಊರುಗಳಿಗೆ ಹೋಗಬೇಕು. ಆ ಊರುಗಳೂ ನಿಶ್ಚಲವಾಗಿ ಉಳಿದಿಲ್ಲ. 1927ರಲ್ಲಿ ಮಿರಜ ಮುಟ್ಟಿದ ಬಾರ್ಶಿ ಲೈಟ್ ರೈಲ್ವೆ ಈ ಸೀಮೆಯನ್ನು ಪಂಢರಪುರಕ್ಕೆ ಜೋಡಿಸಿತು. ಮ್ಹೈಸಾಳ ಏತ ನೀರಾವರಿ ಕೃಷ್ಣೆಯನ್ನು ಒಣಭೂಮಿಗೆ ಎತ್ತಿ ತಂದಿತು. ನೀರು ಬಂದ ಮೇಲೆ ಸಂಬಂಧ ಕುದುರಿಸುವ ದಿಕ್ಕು ಬದಲಾಯಿತೇ? ಮೂರು ತಲೆಮಾರಿನ ಸೊಸೆಯರ ತವರೂರನ್ನೂ ಓದಿದ ಶಾಲೆಯ ಮಾಧ್ಯಮವನ್ನೂ ಮನೆಮನೆಯಲ್ಲಿ, ಜೈನ-ಲಿಂಗಾಯತರಿಗೆ ಬೇರೆಬೇರೆಯಾಗಿ, ದಾಖಲಿಸುವವರೆಗೆ ಈ ಲೇಖನದ ವಾದ ಊಹೆಯ ಹಂತದಲ್ಲೇ ಇರುತ್ತದೆ.