ನುಂಗಿಹೋಗುವ ಸ್ವರ, ಜಾರುವ ಒತ್ತು

2000ದ ಆಸುಪಾಸಿನಲ್ಲಿ ಬೆಂಗಳೂರಿಗೆ ಕಾಲ್ ಸೆಂಟರ್‌ಗಳು ಬಂದಾಗ ಅವುಗಳ ಜೊತೆಗೆ ಹೊಸದೊಂದು ಪಾಠವೂ ಬಂತು. ವೈಟ್‌ಫೀಲ್ಡ್, ಮಾರತ್ತಹಳ್ಳಿ, ದೊಡ್ಡನೆಕ್ಕುಂದಿಯಂಥ ಕಡೆ ಬಾಡಿಗೆ ಕೋಣೆ ಹಿಡಿದು ರಾತ್ರಿ ಪಾಳಿಗೆ ಹೊರಡುವ ಪದವೀಧರರು ‘ವಾಯ್ಸ್ ಅಂಡ್ ಆಕ್ಸೆಂಟ್’ ತರಬೇತಿಗೆ ಕೂರಬೇಕಾಯಿತು. ಅವರ ಇಂಗ್ಲಿಷ್ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೂ ಮಾತಿಗೆ ‘ಎಂಟಿಐ’, ಅಂದರೆ ಮಾತೃಭಾಷೆಯ ಪ್ರಭಾವ ಎಂಬ ಹಣೆಪಟ್ಟಿ ಬೀಳುತ್ತಿತ್ತು. ಕಾಯಿಲೆಯ ಹೆಸರಿನಂತೆ ಕೇಳಿಸುವ ಈ ಮೂರಕ್ಷರದ ಮೇಲೆ ಕೆಲಸ ಸಿಗುವುದೂ ತಪ್ಪುವುದೂ ನಿಂತಿರುತ್ತಿತ್ತು.

ಅಷ್ಟಕ್ಕೂ ಆ ಪ್ರಭಾವವೆಂದರೇನು? ಕನ್ನಡದಲ್ಲಿ ಬರೆದ ಪ್ರತಿ ಸ್ವರಕ್ಕೂ ಅದರದೇ ಬೆಲೆಯುಂಟು. ಬೆಳೆ ಹೊಲದಲ್ಲಿದ್ದರೆ ಬೇಳೆ ಅಡುಗೆಮನೆಯಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಪದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ (ಇದು ಒತ್ತಕ್ಷರದ ಒತ್ತಲ್ಲ, ದನಿಯ ಬಲ). ಮಿಕ್ಕ ಸ್ವರಗಳು ಸೊರಗಿ ಹೆಚ್ಚಾಗಿ ಅರೆಬರೆ ‘ಅ’ದಂಥ ಒಂದು ದನಿಯಾಗುತ್ತವೆ. ಭಾಷಾವಿಜ್ಞಾನಿಗಳು ಅದನ್ನು ‘ಶ್ವಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ ಇದೇ, ಆದರೆ ಅದಕ್ಕೊಂದು ಅಕ್ಷರವಿಲ್ಲ. ‘ಬನಾನಾ’ ಎಂಬುದರಲ್ಲಿ ಬರೆಯುವುದು ಮೂರು ಬಾರಿ ‘ಎ’; ಪೂರ್ತಿ ಕೇಳಿಸುವುದು ನಡುವಿನದೊಂದೇ.

ಹಿಂದೆ ಇಂಗ್ಲಿಷೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಮಗನಿಗೆ ‘ಸುನು’, ಹೆಸರಿಗೆ ‘ನಮ’ ಎನ್ನುತ್ತಿದ್ದರು. ಸಂಸ್ಕೃತದ ‘ಸೂನು’, ‘ನಾಮ’ಗಳ ನೆಂಟಸ್ತಿಕೆ ಎದ್ದು ಕಾಣುತ್ತದೆ. ಒತ್ತು ಸಾಮಾನ್ಯವಾಗಿ ಪದದ ತಲೆಯಲ್ಲೇ ಇದ್ದುದರಿಂದ ಬಾಲದ ಸ್ವರಗಳು ಮೊದಲು ಮಂಕಾಗಿ, ಬರುಬರುತ್ತಾ ಮಾಯವಾದವು. ಇಂದು ಉಳಿದಿರುವುದು ‘ಸನ್’, ‘ನೇಮ್’. ಕನ್ನಡ ನಡೆದದ್ದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಹಳಗನ್ನಡದ ಪಾಲ್, ಕಲ್, ಊರ್ ಎಂಬವು ಬಾಲಕ್ಕೆ ಉಕಾರ ಸೇರಿಸಿಕೊಂಡು ಹಾಲು, ಕಲ್ಲು, ಊರು ಆದವು. ಅದೇ ಅಭ್ಯಾಸಬಲದಿಂದ ಬಸ್ ಇಲ್ಲಿ ಬಸ್ಸಾಯಿತು. ಒಂದು ಭಾಷೆ ಕಳೆದುಕೊಂಡದ್ದನ್ನು ಇನ್ನೊಂದು ಗಳಿಸುತ್ತಾ ಬಂದಿದೆ. ಇದರಲ್ಲಿ ತಪ್ಪು ಯಾರದು?

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು, ಆಮೇಲೆ ಲ್ಯಾಟಿನ್, ಗ್ರೀಕ್ ಪದಗಳು ನುಗ್ಗಿ ಒತ್ತಿನ ಹಳೆಯ ಕಟ್ಟಳೆ ಕದಡಿತು. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲಲ್ಲಿ, ಛಾಯಾಗ್ರಹಣ ಎಂಬರ್ಥ ಬಂದೊಡನೆ ಅದು ಎರಡನೆಯ ಅಕ್ಷರಕ್ಕೆ ಜಾರಿ ‘ಫಟಾಗ್ರಫಿ’ಯಂತೆ ಕೇಳುತ್ತದೆ. ‘ರೆಕಾರ್ಡ್’ ದಾಖಲೆಯಾದರೆ ಒತ್ತು ಮೊದಲಿಗೆ, ದಾಖಲಿಸುವುದಾದರೆ ಕೊನೆಗೆ. ಈ ಜಾರಾಟ ಇಂಗ್ಲಿಷರಿಗೇ ಕಿರಿಕಿರಿ ತಂದದ್ದುಂಟು. ಇಟಲಿಯಿಂದ ಬಂದ ‘ಬಾಲ್ಕನಿ’ಯ ಒತ್ತು ಮೊದಲು ನಡುವಿನ ಅಕ್ಷರದ ಮೇಲಿತ್ತು. ಅದು ತಲೆಗೆ ಹೋದಾಗ, 1855ರಲ್ಲಿ ತೀರಿಕೊಂಡ ಕವಿ ಸ್ಯಾಮ್ಯುಯೆಲ್ ರಾಜರ್ಸ್‌ಗೆ ಕೇಳಿದರೇ ಹೊಟ್ಟೆ ತೊಳಸುವಷ್ಟು ಅಸಹ್ಯವಾಗುತ್ತಿತ್ತಂತೆ. ಇಂದು ಅದೇ ಶುದ್ಧ ಉಚ್ಚಾರ!

ಕನ್ನಡದಲ್ಲಿ ಈ ವ್ಯತ್ಯಾಸವನ್ನು ಎದುರಿಸಿದವರಲ್ಲಿ ಬಿ.ಎಂ.ಶ್ರೀ. ಪ್ರಮುಖರು. ಇಂಗ್ಲಿಷ್ ಪದ್ಯ ಒತ್ತನ್ನು ಎಣಿಸಿದರೆ ಷಟ್ಪದಿ ಮಾತ್ರೆಯನ್ನು ಎಣಿಸುತ್ತದೆ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಕ್ಕೆ ಒತ್ತನ್ನು ಹೇರಲಿಲ್ಲ. ಮಾತ್ರಾಗಣಗಳಿಂದಲೇ ಹೊಸ ಲಯ ಕಟ್ಟಿದರು.

ಒತ್ತು ತಪ್ಪಿದರೆ ಇಂಗ್ಲಿಷ್ ಮನೆಮಾತಿನವರು ಪದ ಗುರುತಿಸಲು ತಡವರಿಸುತ್ತಾರೆ, ಅದು ನಿಜ. ದೂರವಾಣಿಯಲ್ಲಿ ಅವರಿಗೆ ಉತ್ತರಿಸುವವರು ಕಲಿಯಬೇಕಾದುದು ಇದೆ. ಆದರೆ 2000ದಲ್ಲಿ ಬ್ರಿಟನ್ನಿನ ವಿದ್ವಾಂಸೆ ಜೆನಿಫರ್ ಜೆಂಕಿನ್ಸ್, ಬೇರೆ ಬೇರೆ ಮಾತೃಭಾಷೆಯವರು ತಮ್ಮತಮ್ಮಲ್ಲೇ ಇಂಗ್ಲಿಷ್ ಆಡುವಾಗ ಸ್ವರ ನುಂಗುವುದು ಅಗತ್ಯವಲ್ಲವೆಂದು ವಾದಿಸಿದರು. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ತಮಿಳರು, ಬಂಗಾಳಿಗಳು, ಕನ್ನಡಿಗರು ಆಡುವ ಇಂಗ್ಲಿಷ್ ಇಂಥದೇ. ಮತ್ತೆ, ಸ್ವರ ನುಂಗುವ ವಿದ್ಯೆ ಕನ್ನಡಿಗರಿಗೆ ಬಾರದ್ದೂ ಅಲ್ಲ. ಬರುತ್ತಾನೆ ಎಂದು ಬರೆದು ಬರ್ತಾನೆ ಎನ್ನುತ್ತಾರೆ. ಕುದುರೆ ಮಾತಿನಲ್ಲಿ ಕುದ್ರೆ.

ಇಂಗ್ಲಿಷರ ಬಾಯಲ್ಲಿ ಬೆಂಗಳೂರು ‘ಬ್ಯಾಂಗಲೋರ್’ ಆದಾಗ ನಡುವಿನ ಸ್ವರ ಶ್ವಾ ಆಯಿತು, ಒತ್ತು ‘ಲೋ’ ಮೇಲೆ ಬಿತ್ತು, ಬಾಲದ ಉಕಾರ ಬಿದ್ದೇಹೋಯಿತು. 2014ರ ನವೆಂಬರ್ 1ರಂದು ಹೆಸರು ಅಧಿಕೃತವಾಗಿ ಬದಲಾದಾಗ ಆ ಉಕಾರ ಇಂಗ್ಲಿಷ್ ಫಲಕಗಳಿಗೂ ಮರಳಿತು.